ಹಾರಿಸಿದ ಕಾಡತೂಸಿನ ಖಾಲಿ ಕೋಶ: ಓದುಗರ ಪತ್ರಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು. ಬರೆದವರು ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಪರಿಚಿತರಲ್ಲ. ಆದರೆ ಎಲ್ಲರ ಕೈಯಲ್ಲೂ ಹಾರಿಸಿದ ಮದ್ದುಗುಂಡಿನ ಒಂದಲ್ಲ ಒಂದು ಉಳಿಕೆ ಇದೆ, ಅದನ್ನು ಎಸೆಯಲು ಯಾರಿಗೂ ಮನಸ್ಸಿಲ್ಲ. ಉಳಿಸಿದ್ದೇ ಗಳಿಸಿದ್ದು ಎಂದು ಕೇಳಿಕೊಂಡು ಬೆಳೆದ ನಮಗೆ ಇದು ಸಹಜವಾದ ಮನಸ್ಥಿತಿ. ಆದ್ದರಿಂದ ಉಳಿದ ಪತ್ರಗಳನ್ನು ಮುಂದಕ್ಕೆ ಹಾಕಿ, ಇಡೀ ಅಂಕಣವನ್ನು ಈ ಐದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ, ಅದಕ್ಕೆ ಕಾರಣವನ್ನು ವಿವರಿಸಬೇಕಾಗಿಲ್ಲ.

ಪ್ರಶ್ನೆ: ಶರಣು. ನಾನು ಕಲಬುರಗಿ ನಗರದ ನಿವಾಸಿ. ತಂದೆಯವರ ಕಾಲದ ಹನ್ನೆರಡು ಬೋರಿನ ಜೋಡುನಳಿಕೆ ಬಂದೂಕು ಈಗ ನನ್ನ ಲೈಸೆನ್ಸಿನಲ್ಲಿದೆ. ವರ್ಷಕ್ಕೆ ಮೂರು ನಾಲ್ಕು ಸಲ ಹೊರ ಊರಿನ ರೇಂಜಿಗೆ ಹೋಗಿ, ಹಾರಿಬಿಡುವ ಮಣ್ಣಿನ ತಟ್ಟೆಗಳನ್ನು ಹೊಡೆಯುವ ಹವ್ಯಾಸ ನನ್ನದು. ಕೆಲವು ತಿಂಗಳಿಂದ ಅಂಗಡಿಯಲ್ಲಿ ಕಾಡತೂಸು ಸಿಗುತ್ತಿಲ್ಲ. ಸಿಕ್ಕಿದರೂ ಒಂದು ಪೆಟ್ಟಿಗೆಗೆ ಮಿತಿ. ನನ್ನ ಬಳಿ ಇನ್ನೂರಕ್ಕೂ ಹೆಚ್ಚು ಖಾಲಿ ಕೋಶಗಳಿವೆ. ಅಮೆರಿಕದ ಹವ್ಯಾಸಿಗಳು ಖಾಲಿ ಕೋಶಕ್ಕೆ ಮತ್ತೆ ಮದ್ದು ತುಂಬುವುದನ್ನೂ, ಅಭಾವದ ದಿನಗಳಲ್ಲಿ, ಮದ್ದನ್ನು ಹೊತ್ತಿಸುವ ಪುಟ್ಟ ಭಾಗವಾದ ಪ್ರೈಮರನ್ನು, ಹಾರಿಸಿದ್ದನ್ನೇ ಸರಿಮಾಡಿ ಬಳಸುವುದನ್ನೂ ವಿಡಿಯೊಗಳಲ್ಲಿ ನೋಡಿದ್ದೇನೆ. ನಾನು ಎಂಜಿನಿಯರಿಂಗ್ ಓದಿದವನು, ಕೈಕೆಲಸ ಬಲ್ಲವನು. ಮನೆಯಲ್ಲಿ ಪ್ರಯತ್ನಿಸಬಹುದೇ?

ಉತ್ತರ: ಬೇಡ. ಕಾನೂನು ಬಿಡುವುದಿಲ್ಲ ಎಂಬುದು ಮೊದಲ ಕಾರಣ. ಕಾನೂನು ಬಿಟ್ಟಿದ್ದರೂ ಪ್ರೈಮರ್ ಎಂಬ ವಸ್ತುವಿನ ಸ್ವಭಾವ ಬಿಡುವುದಿಲ್ಲ ಎಂಬುದು ಎರಡನೆಯದು. ನೀವು ಎಂಜಿನಿಯರ್ ಎಂದು ಹೇಳಿಕೊಂಡಿರುವುದರಿಂದ ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಒಂದು ಕಾಡತೂಸಿನಲ್ಲಿ ಸ್ಥೂಲವಾಗಿ ನಾಲ್ಕು ಭಾಗಗಳಿವೆ. ಮುಂದೆ ಗುಂಡು ಅಥವಾ ಛರ್ರೆ ಎಂಬ ಸಣ್ಣ ಕಾಳುಗಳು, ಅದರ ಹಿಂದೆ ಮದ್ದು, ಎರಡನ್ನೂ ಹಿಡಿದಿಟ್ಟುಕೊಂಡ ಕೋಶ, ಕೋಶದ ತಳದಲ್ಲಿ ಹೆಸರುಕಾಳಿಗಿಂತ ತುಸು ದೊಡ್ಡದಾದ ಪ್ರೈಮರ್. ಮಲೆನಾಡಿನ ಕಡೆ ಇದಕ್ಕೆ ಹತ್ತಿರದ ಹಳೆಯ ವಸ್ತುವನ್ನು ಕೇಪು ಎನ್ನುತ್ತಾರೆ. ಈ ನಾಲ್ಕರಲ್ಲಿ ಗುಂಡು ಮತ್ತು ಛರ್ರೆ ಬರೀ ಲೋಹ, ಕೋಶ ಬರೀ ಪಾತ್ರೆ. ಪ್ರೈಮರ್ ಮಾತ್ರ ತಾನೇ ಒಂದು ಯಂತ್ರ. ಪುಟ್ಟ ಲೋಹದ ಬಟ್ಟಲು, ಅದರೊಳಗೆ ಅಡಿಗಲ್ಲಿನಂತೆ ಕೂತ ಒಂದು ತುಣುಕು, ನಡುವೆ ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಮಿಶ್ರಣದ ತೆಳು ಪದರ. ಬಂದೂಕಿನ ಸೂಜಿ ಬಟ್ಟಲಿನ ಬೆನ್ನಿಗೆ ಬಡಿದಾಗ ಆ ಪದರ ಬಟ್ಟಲಿಗೂ ಅಡಿಗಲ್ಲಿಗೂ ನಡುವೆ ಜಜ್ಜಿಹೋಗಿ ಹೊತ್ತಿಕೊಳ್ಳುತ್ತದೆ, ಜ್ವಾಲೆ ಕಿಂಡಿಯ ಮೂಲಕ ಮುಂದಿನ ಮದ್ದಿಗೆ ತಾಗುತ್ತದೆ. ಅಲ್ಲಿಗೆ ಅದರ ಕೆಲಸದ ಅರ್ಧ ಮಾತ್ರ ಮುಗಿಯಿತು. ಉಳಿದರ್ಧವನ್ನು ವಿಡಿಯೊ ಮಾಡುವವರು ಹೇಳುವುದೇ ಇಲ್ಲ. ಮದ್ದು ಉರಿದು ಒತ್ತಡ ಏರಿದಾಗ ಕೋಶದ ಹಿಂಬದಿಯ ತೂತನ್ನು ಮುಚ್ಚಿ ಹಿಡಿಯಬೇಕಾದದ್ದು ಇದೇ ತೆಳು ಬಟ್ಟಲು. ಹನ್ನೆರಡು ಬೋರಿನಲ್ಲಿ ಆ ಒತ್ತಡ ಏಳುನೂರು ಬಾರ್‌ಗಳ ಆಸುಪಾಸಿಗೆ ಹೋಗುತ್ತದೆ. ರೈಫಲಿನಲ್ಲಿ ಮೂರು ನಾಲ್ಕು ಸಾವಿರ. ನಿಮ್ಮ ಕಾರಿನ ಟೈರಿನಲ್ಲಿರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು.

ಹಾರಿಸಿದ ಪ್ರೈಮರಿನ ಬಟ್ಟಲು ಒಮ್ಮೆ ತಗ್ಗಾಗಿದೆ, ಹಿಗ್ಗಿದೆ, ಕಾದು ಆರಿದೆ. ಅದನ್ನು ಹಿಂದಿನಿಂದ ತಟ್ಟಿ ನೆಟ್ಟಗೆ ಮಾಡಿದರೆ ಕಣ್ಣಿಗೆ ಹೊಸದರಂತೆ ಕಾಣಬಹುದು, ಆದರೆ ಬಗ್ಗಿಸಿ ನೆಟ್ಟಗೆ ಮಾಡಿದ ತಂತಿ ಮತ್ತೆ ಬಗ್ಗಿಸಿದಾಗ ಎಲ್ಲಿ ಮುರಿಯುತ್ತದೆ ಎಂಬುದು ನಿಮಗೆ ಗೊತ್ತಿರುವ ವಿಷಯ. ಎರಡನೆಯ ಸಲ ಅದು ಸೋರಿದರೆ ಬಿಸಿ ಅನಿಲ ಬರುವುದು ಹಿಂದಕ್ಕೆ, ಅಂದರೆ ಬಂದೂಕಿನ ಹಿಮ್ಮಡಿಗೆ ಕೆನ್ನೆ ಇಟ್ಟು ಗುರಿ ನೋಡುತ್ತಿರುವವನ ಕಣ್ಣಿನತ್ತ. ಇನ್ನು ಒಳಗೆ ತುಂಬುವ ಮಿಶ್ರಣದ ವಿಚಾರ. ಪೆಟ್ಟು ಬಿದ್ದಾಗ ಹೊತ್ತಿಕೊಳ್ಳಬೇಕು ಎಂಬುದೇ ಅದರ ಉದ್ದೇಶವಾದ್ದರಿಂದ, ಉಜ್ಜಿದರೂ ಒತ್ತಿದರೂ ಹೊತ್ತಿಕೊಳ್ಳುತ್ತದೆ. ಕಾರ್ಖಾನೆಗಳಲ್ಲಿ ಅದನ್ನು ತೇವದಲ್ಲಿ, ಸಣ್ಣ ಪ್ರಮಾಣದಲ್ಲಿ, ತಡೆಗೋಡೆಗಳ ಹಿಂದೆ ನಿರ್ವಹಿಸುವುದು ಈ ಕಾರಣಕ್ಕೆ. ಮನೆಯಲ್ಲಿ ಸಿಗುವ ಪದಾರ್ಥಗಳಿಂದ ಅದಕ್ಕೆ ಬದಲಿ ಮಾಡಿಕೊಳ್ಳುವ ವಿಧಾನಗಳ ಬಗ್ಗೆ ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಕೇಳಿದ್ದೀರಿ. ಅದಕ್ಕೆ ನಾನು ಉತ್ತರಿಸುವುದಿಲ್ಲ, ಆ ಪುಟವನ್ನು ಇಲ್ಲಿ ಅಚ್ಚು ಹಾಕುವುದೂ ಇಲ್ಲ. ಬೆರಳು ಹೋಗುವುದು ಹಾರಿಸುವಾಗಲ್ಲ, ಮೇಜಿನ ಮುಂದೆ ಕೂತು ಅದನ್ನು ತುಂಬುವಾಗ. ಪಕ್ಕದಲ್ಲಿ ಮಗು ಆಡುತ್ತಿದ್ದರೆ ಬೆರಳಿಗೇ ಮುಗಿಯುವುದಿಲ್ಲ.

ಅಮೆರಿಕದ ಮಾತನ್ನು ಅಮೆರಿಕದಲ್ಲೇ ಇಟ್ಟು ನೋಡಬೇಕು. ಅಲ್ಲಿ ತನ್ನ ಬಳಕೆಗಾಗಿ ಕೋಶಕ್ಕೆ ಮರಳಿ ಮದ್ದು ತುಂಬುವುದು ಬಹಳ ಕಾಲದಿಂದ ಒಪ್ಪಿತವಾದ ಹವ್ಯಾಸ. ಅದಕ್ಕೆ ಬೇಕಾದ ಹೊಸ ಪ್ರೈಮರು, ಅಳೆದು ಪರೀಕ್ಷಿಸಿದ ಮದ್ದು, ಒತ್ತಡದ ಕೋಷ್ಟಕಗಳು ಅಂಗಡಿಯಲ್ಲಿ ಸಿಗುತ್ತವೆ. 2020ರಲ್ಲಿ ಕೋವಿಡ್ ಬಂದಾಗ ಅಲ್ಲಿ ಬಂದೂಕಿನ ಮಾರಾಟ ವಿಪರೀತ ಏರಿತು. ದೇಶದಲ್ಲಿ ಪ್ರೈಮರ್ ತಯಾರಿಸುವ ದೊಡ್ಡ ಹೆಸರುಗಳು ನಾಲ್ಕೇ. ಅವುಗಳಲ್ಲಿ ಒಂದಾದ ರೆಮಿಂಗ್ಟನ್ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು. ಇದ್ದ ಪ್ರೈಮರನ್ನು ಕಂಪನಿಗಳು ತಮ್ಮ ಕಾಡತೂಸುಗಳಿಗೇ ಮೊದಲು ಬಳಸಿಕೊಂಡವು, ಬಿಡಿಯಾಗಿ ಕೊಳ್ಳುವ ಹವ್ಯಾಸಿಗೆ ಉಳಿಯಲಿಲ್ಲ. ಹಿತ್ತಾಳೆ ಕೋಶವನ್ನು ಹಲವು ಸಲ ಬಳಸಬಹುದು, ಸೀಸವನ್ನು ಕರಗಿಸಿ ಎರಕ ಹೊಯ್ಯಬಹುದು, ಪ್ರೈಮರನ್ನು ಮಾತ್ರ ಏನೂ ಮಾಡಲಾಗದು; ಎಲ್ಲವೂ ಇದ್ದು ಅದೊಂದೇ ಇಲ್ಲದಿದ್ದಾಗ ಹುಟ್ಟಿದ ಹತಾಶೆಯ ಉಪಾಯವೇ ನೀವು ನೋಡಿದ ವಿಡಿಯೊ. ಆ ದೇಶದ ಅನುಭವಿ ಹವ್ಯಾಸಿಗಳೇ ಅದನ್ನು ಮಾಡಬೇಡಿ ಎನ್ನುತ್ತಾರೆ. ಅಭಾವದಲ್ಲಿ ಸಿಗದೆ ಹೋದದ್ದು ಯಾವುದೋ ಅದೇ ಮರುಬಳಕೆಗೆ ಬಾರದ ಭಾಗ ಎಂಬುದನ್ನು ಗಮನಿಸಿ. ಮರುಬಳಕೆಗೆ ಬರುವಂತಿದ್ದರೆ ಅದಕ್ಕೆ ಅಭಾವವೇ ಬರುತ್ತಿರಲಿಲ್ಲ.

ಈಗ ನಮ್ಮ ಕಾನೂನು. 1959ರ ಆಯುಧ ಅಧಿನಿಯಮದ ಎರಡನೆಯ ಕಲಮು ಮದ್ದುಗುಂಡು ಎಂಬ ಪದಕ್ಕೆ ಕೊಡುವ ಅರ್ಥ ಬಹಳ ವಿಶಾಲವಾದದ್ದು: ತುಂಬಿದ ಕಾಡತೂಸು ಮಾತ್ರವಲ್ಲ, ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರೋಪಕರಣಗಳು ಎಲ್ಲವೂ ಅದರೊಳಗೆ ಬರುತ್ತವೆ. ನಿಮ್ಮ ಕೈಯಲ್ಲಿರುವ ಲೈಸೆನ್ಸು ಆಯುಧವನ್ನೂ ಗೊತ್ತಾದ ಸಂಖ್ಯೆಯ ಕಾಡತೂಸನ್ನೂ ಇಟ್ಟುಕೊಳ್ಳಲು ಕೊಟ್ಟದ್ದು. ತಯಾರಿಕೆಗೆ ಐದನೆಯ ಕಲಮಿನ ಪ್ರಕಾರ ಬೇರೆಯೇ ಪರವಾನಗಿ ಬೇಕು, ಅದು ಹವ್ಯಾಸಿಯ ಅಡುಗೆಮನೆಗೆ ಕೊಡುವಂಥದ್ದಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆ. ಸ್ಫೋಟಕ ಮಿಶ್ರಣ ಮಾಡಿದರೆ 1884ರ ಮತ್ತು 1908ರ ಸ್ಫೋಟಕ ಕಾಯ್ದೆಗಳೂ ಬಂದು ಸೇರಿಕೊಳ್ಳುತ್ತವೆ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಮದ್ದುಗುಂಡು ತಯಾರಿಕೆಗಲ್ಲ, ಕಲಬುರಗಿಗಂತೂ ಅಲ್ಲವೇ ಅಲ್ಲ.

ಹಾಗಾದರೆ ಅಭಾವದ ದಿನಗಳಲ್ಲಿ ಏನು ಮಾಡಬೇಕು? ನಮ್ಮಲ್ಲಿ ಹನ್ನೆರಡು ಬೋರಿನ ಶಕ್ತಿಮಾನ್ ಕಾಡತೂಸು ಬರುವುದು ಪುಣೆ ಹತ್ತಿರದ ಖಡಕಿಯ ಕಾರ್ಖಾನೆಯಿಂದ. 1869ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ 2021ರ ಅಕ್ಟೋಬರಿನಿಂದ ಮ್ಯೂನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಅಧೀನದಲ್ಲಿದೆ. ಸೈನ್ಯದ ಬೇಡಿಕೆ ಅದರ ಮೊದಲ ಕೆಲಸ, ನಮ್ಮ ಮಣ್ಣಿನ ತಟ್ಟೆ ಆಮೇಲಿನದು. ಒಂದು ಅಂಗಡಿಯಲ್ಲಿ ಇಲ್ಲವೆಂದರೆ ಬೇರೆ ಜಿಲ್ಲೆಯ ಅಧಿಕೃತ ವ್ಯಾಪಾರಿಯಲ್ಲಿ ವಿಚಾರಿಸಬಹುದು, ಆದರೆ ಹೊರಡುವ ಮುನ್ನ ನಿಮ್ಮ ಲೈಸೆನ್ಸಿನಲ್ಲಿ ಬರೆದ ಪ್ರದೇಶವ್ಯಾಪ್ತಿಯನ್ನೂ ಸಂಖ್ಯೆಯ ಮಿತಿಯನ್ನೂ ಓದಿಕೊಳ್ಳಿ, ಸಂದೇಹವಿದ್ದರೆ ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಕೇಳಿ. ಸ್ಪರ್ಧೆಗೆ ಗಂಭೀರವಾಗಿ ಇಳಿಯುವುದಾದರೆ ರಾಜ್ಯ ರೈಫಲ್ ಸಂಸ್ಥೆಯ ಸದಸ್ಯತ್ವದ ದಾರಿ ಇದೆ.

ಇದಕ್ಕಿಂತ ಉಪಯುಕ್ತವಾದದ್ದು ಮತ್ತೊಂದಿದೆ, ಅದು ಮದ್ದಿಲ್ಲದ ಅಭ್ಯಾಸ. ಒಲಿಂಪಿಕ್ಸಿಗೆ ಹೋಗುವ ಶೂಟರುಗಳು ದಿನದ ಎಷ್ಟೋ ಹೊತ್ತನ್ನು ಖಾಲಿ ಆಯುಧದೊಂದಿಗೆ ಕಳೆಯುತ್ತಾರೆ: ನಿಲುವು, ಬಂದೂಕನ್ನು ಹೆಗಲಿಗೆ ತರುವುದು, ಓಡುವ ಗುರಿಯ ಜೊತೆ ನಳಿಕೆಯನ್ನು ತೂಗುವುದು, ಕುದುರೆಯನ್ನು, ಅಂದರೆ ಟ್ರಿಗರನ್ನು, ಬಂದೂಕು ಅಲುಗದಂತೆ ಎಳೆಯುವುದು. ನಿಮ್ಮ ಜೋಡುನಳಿಕೆಗೆ ಸ್ನ್ಯಾಪ್ ಕ್ಯಾಪ್ ಎಂಬ ಪೊಳ್ಳು ಕಾಡತೂಸುಗಳು ಸಿಗುತ್ತವೆ. ಅವನ್ನು ಹಾಕಿಕೊಂಡರೆ ಸೂಜಿಗೆ ಪೆಟ್ಟಾಗುವುದಿಲ್ಲ. ಕೋಣೆಯಲ್ಲಿ ಒಂದೇ ಒಂದು ನಿಜವಾದ ಕಾಡತೂಸೂ ಇರಬಾರದು ಎಂಬ ನಿಯಮವನ್ನು ಮಾತ್ರ ಸಡಿಲಿಸಬೇಡಿ. ವರ್ಷಕ್ಕೆ ನಾಲ್ಕು ಸಲ ರೇಂಜಿಗೆ ಹೋಗುವವರಿಗೆ ಮೂರು ತಿಂಗಳ ಇಂಥ ಅಭ್ಯಾಸ ಇನ್ನೂರು ಕಾಡತೂಸಿಗಿಂತ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ; ಒಪ್ಪದ ಶೂಟರುಗಳು ಪತ್ರ ಬರೆಯಬಹುದು.

ಆ ಇನ್ನೂರು ಖಾಲಿ ಕೋಶಗಳನ್ನು ಮನೆಯಲ್ಲಿ ಗುಡ್ಡೆ ಹಾಕಿಕೊಳ್ಳಬೇಡಿ. ಕೊಂಡ ಅಂಗಡಿಯವರನ್ನೋ ರೇಂಜಿನವರನ್ನೋ ಕೇಳಿ, ಲೆಕ್ಕ ಬರೆಸಿ, ಹಿಂದಿರುಗಿಸಿ. ಖಾಲಿ ಕೋಶಕ್ಕೆ ಎಷ್ಟು ಬೆಲೆಯಿದೆ ಎಂಬುದು ನನಗೆ ಮನವರಿಕೆಯಾದದ್ದು ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದಾಗ. ಫೈರಿಂಗ್ ಮುಗಿದು ಲೆಕ್ಕ ಹಾಕಿದಾಗ ಒಂದು ಖಾಲಿ ಖೋಖಾ ಕಡಿಮೆ ಬಂತು. ಪಾಯಿಂಟ್ ಇಪ್ಪತ್ತೆರಡು ಬೋರಿನದು, ಪೆನ್ಸಿಲಿನ ತುಂಡಿನಷ್ಟು ವಸ್ತು. ಹವಾಲ್ದಾರರು ಯಾರನ್ನೂ ಬಯ್ಯಲಿಲ್ಲ, ಊಟಕ್ಕೂ ಬಿಡಲಿಲ್ಲ. ಅರವತ್ತು ಹುಡುಗರು ಸಾಲಾಗಿ ಮೊಣಕಾಲೂರಿ ಕರಿಮಣ್ಣನ್ನು ಬೆರಳಲ್ಲಿ ಬಾಚುತ್ತ ಸಂಜೆ ಮಾಡಿದೆವು. ಕೊನೆಗೆ ಅದು ಸಿಕ್ಕಿದ್ದು ನನ್ನ ಪಕ್ಕದವನ ಪ್ಯಾಂಟಿನ ಕೆಳಮಡಿಕೆಯಲ್ಲಿ.

ಪ್ರಶ್ನೆ: ಚಿಂಚೋಳಿ ತಾಲ್ಲೂಕಿನ ರೈತ ನಾನು. ತೊಗರಿ, ಜೋಳಕ್ಕೆ ಹಂದಿ ಕಾಟ ವಿಪರೀತವಾಗಿದೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಒಂಟಿನಳಿಕೆ ಬಂದೂಕು ಇದೆ. ಹೊಸ ಕಾಡತೂಸು ಸಿಗದ ಕಾರಣ ಹಳೆಯ ಪೆಟ್ಟಿಗೆ ತೆಗೆದೆ. ಕೆಲವಕ್ಕೆ ಹಿತ್ತಾಳೆಯ ತಳದಲ್ಲಿ ಹಸಿರು ಕಿಲುಬು ಹಿಡಿದಿದೆ, ಎರಡು ಉಬ್ಬಿವೆ. ಬಿಸಿಲಿಗೆ ಒಣಗಿಸಿ ಬಳಸಬಹುದೇ, ಅಥವಾ ಕೆಟ್ಟವನ್ನು ಬಿಚ್ಚಿ ಮದ್ದನ್ನು ಒಳ್ಳೆಯ ಕೋಶಕ್ಕೆ ಹಾಕಿಕೊಳ್ಳಬಹುದೇ?

ಉತ್ತರ: ಎರಡೂ ಬೇಡ ಯಜಮಾನರೇ. ನಮ್ಮ ಕಡೆಯ ಬೇಸಿಗೆಯಲ್ಲಿ ನೆರಳಿನಲ್ಲೇ 42 ಡಿಗ್ರಿ ದಾಟುತ್ತದೆ, ತಗಡಿನ ಮೇಲೆ ಬಿಸಿಲಿಗಿಟ್ಟರೆ ಕೈ ಸುಡುವಷ್ಟು ಕಾಯುತ್ತದೆ. ಕಾಯಿಸಿದರೆ ತೇವ ಹೋಗಬಹುದು, ಆದರೆ ಮದ್ದಿನ ಗುಣ ಹಿಂದಿರುಗುವುದಿಲ್ಲ; ಕಾಯುತ್ತ ಆರುತ್ತ ಹೋದಂತೆ ಅದು ಇನ್ನಷ್ಟು ಕೆಡುತ್ತದೆ. ಬಿಚ್ಚಿ ತುಂಬುವುದು ಮೇಲೆ ಹೇಳಿದಂತೆ ತಯಾರಿಕೆಯ ಲೆಕ್ಕಕ್ಕೇ ಬೀಳುತ್ತದೆ, ಶಿಕ್ಷೆಯೂ ಅದೇ.

ಕೆಟ್ಟ ಕಾಡತೂಸಿನ ನಿಜವಾದ ಅಪಾಯ ಅದು ಹಾರದೇ ಹೋಗುವುದಲ್ಲ, ಅರ್ಧ ಹಾರುವುದು. ಕುದುರೆ ಎಳೆದಾಗ ಏನೂ ಆಗಲಿಲ್ಲವೆಂದು ಕೂಡಲೇ ನಳಿಕೆಯನ್ನು ಬಾಗಿಸಿ ತೆರೆದು ನೋಡಿದರೆ, ನಿಧಾನವಾಗಿ ಹೊತ್ತಿಕೊಳ್ಳುತ್ತಿದ್ದ ಮದ್ದು ನಿಮ್ಮ ಮುಖದ ಮುಂದೆ ಸಿಡಿಯಬಹುದು. ಹಾಗಾದಾಗ ನಳಿಕೆಯ ಬಾಯನ್ನು ಜನರಿಲ್ಲದ ಕಡೆಗೇ ಹಿಡಿದುಕೊಂಡು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಎಂದಿನ ಢಂ ಸದ್ದಿನ ಬದಲು ಥುಸ್ ಎಂದರೆ ಕಾಡತೂಸಿನೊಳಗೆ ಮದ್ದಿಗೂ ಛರ್ರೆಗೂ ನಡುವೆ ಇರುವ ಬಿರಡೆ ನಳಿಕೆಯ ನಡುವೆಯೇ ಸಿಕ್ಕಿಕೊಂಡಿರುವ ಸಂಭವವಿದೆ. ಆಗ ಇನ್ನೊಂದು ಕಾಡತೂಸು ಹಾಕಿ ಹಾರಿಸಿದರೆ ನಳಿಕೆ ಸೀಳುತ್ತದೆ, ನಳಿಕೆಯ ಕೆಳಗೆ ಇರುವುದು ನಿಮ್ಮ ಎಡಗೈ. ಕತ್ತಲಲ್ಲಿ, ಹಂದಿ ಓಡುತ್ತಿರುವ ಗಡಿಬಿಡಿಯಲ್ಲಿ ಈ ಸದ್ದಿನ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ.

ಆ ಪೆಟ್ಟಿಗೆಯನ್ನು ಹಾಗೇ ಒಯ್ದು, ಕೊಂಡ ಅಂಗಡಿಗೋ ಠಾಣೆಗೋ ಕೊಟ್ಟು, ಲೈಸೆನ್ಸ್ ಪುಸ್ತಕದಲ್ಲಿ ನಮೂದು ಮಾಡಿಸಿಕೊಳ್ಳಿ. ಬಾವಿಗೆ ಎಸೆಯಬೇಡಿ, ತಿಪ್ಪೆಯಲ್ಲಿ ಹೂಳಬೇಡಿ, ಒಲೆಗಂತೂ ಹಾಕಲೇಬೇಡಿ. ಹೊಸದು ಬಂದ ಮೇಲೆ ಕಾಳಿನ ಚೀಲದ ಪಕ್ಕದಲ್ಲಿಡದೆ, ಗೊಬ್ಬರ ಮತ್ತು ಔಷಧಿಯಿಂದ ದೂರ, ಒಣಗಿದ ಜಾಗದಲ್ಲಿ ಬೀಗ ಹಾಕಿಡಿ. ಇನ್ನೊಂದು ಮಾತು. ಬಂದೂಕಿಗೆ ಲೈಸೆನ್ಸ್ ಇದೆಯೆಂದ ಮಾತ್ರಕ್ಕೆ ಹಂದಿಯನ್ನು ಹೊಡೆಯುವ ಹಕ್ಕು ಬರುವುದಿಲ್ಲ; 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಬೆಳೆ ನಷ್ಟದ ಪರಿಹಾರಕ್ಕೂ ಅಲ್ಲೇ ಅರ್ಜಿ ಕೊಡಬೇಕಾಗುತ್ತದೆಯಾದ್ದರಿಂದ ಒಂದೇ ಓಡಾಟದಲ್ಲಿ ಎರಡನ್ನೂ ವಿಚಾರಿಸಿಕೊಂಡು ಬನ್ನಿ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿದ್ದೇನೆ. ಮನು ಭಾಕರ್ ಅವರ ಪದಕಗಳನ್ನು ಕಂಡ ಮೇಲೆ ಮಕ್ಕಳಿಗೆ ಏರ್‌ಗನ್ ಕಲಿಸುತ್ತಿದ್ದೇವೆ. ಒಳ್ಳೆಯ ಪೆಲ್ಲೆಟ್ ಡಬ್ಬಿ ತರಿಸಲು ವಾರಗಟ್ಟಲೆ ಕಾಯಬೇಕು. ಗುರಿಯ ಹಿಂದಿನ ಪೆಟ್ಟಿಗೆಯಲ್ಲಿ ಬಿದ್ದ ಪೆಲ್ಲೆಟ್‌ಗಳನ್ನು ಆಯ್ದು ಮತ್ತೆ ಬಳಸಬಹುದೇ? ಕರಗಿಸಿ ಹೊಸದು ಎರಕ ಹೊಯ್ಯಬಹುದೇ?

ಉತ್ತರ: ಮೇಡಂ, ಇಲ್ಲಿ ಸ್ಫೋಟಕವಿಲ್ಲ, ಆದ್ದರಿಂದ ಉತ್ತರ ಅಷ್ಟು ಭಯಂಕರವಲ್ಲ, ಆದರೂ ಬೇಡ ಎಂಬುದೇ. 0.177 ಬೋರು, ಅಂದರೆ 4.5 ಮಿಲಿಮೀಟರಿನ, 20 ಜೌಲ್ ಮೀರದ ಏರ್‌ಗನ್ನಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಪೆಲ್ಲೆಟ್ ಅರ್ಧ ಗ್ರಾಂ ಚಿಲ್ಲರೆ ತೂಗುತ್ತದೆ, ಸೆಕೆಂಡಿಗೆ 170 ಮೀಟರಿನ ಆಸುಪಾಸಿನಲ್ಲಿ ಹೋಗುತ್ತದೆ. ಅದರ ಶಕ್ತಿ ಎಂಟು ಜೌಲಿಗೂ ಕಡಿಮೆ. ಕಣ್ಣು ಕಳೆಯಲು ಅಷ್ಟು ಸಾಕು ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿರುತ್ತೀರಿ.

ಪೆಲ್ಲೆಟ್ ಎಂದರೆ ಮೆತ್ತನೆಯ ಸೀಸ. ಅದರ ಹಿಂಬದಿಯಲ್ಲಿ ಲಂಗದಂತೆ ತೆಳ್ಳಗೆ ಅಗಲವಾದ ಅಂಚು ಇರುತ್ತದೆ, ಗಾಳಿಯ ಒತ್ತಡಕ್ಕೆ ಅದು ಅರಳಿ ನಳಿಕೆಯ ಸುರುಳಿ ಗೆರೆಗಳನ್ನು ಕಚ್ಚಿಕೊಳ್ಳುತ್ತದೆ, ಹಾಗೆ ಕಚ್ಚಿಕೊಂಡದ್ದರಿಂದಲೇ ಬುಗುರಿಯಂತೆ ತಿರುಗುತ್ತ ನೇರ ಹೋಗುತ್ತದೆ. ಒಮ್ಮೆ ಹಾರಿದ ಪೆಲ್ಲೆಟ್‌ನ ಮುಂಬದಿ ಚಪ್ಪಟೆಯಾಗಿದೆ, ಅಂಚಿನ ಮೇಲೆ ಹಳೆಯ ಗೆರೆಗಳಿವೆ. ಅದನ್ನು ಮತ್ತೆ ಹಾಕಿದರೆ ಒಂದೋ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಗಾಳಿಯನ್ನು ಪಕ್ಕಕ್ಕೆ ಬಿಟ್ಟು ಮನಸ್ಸಿಗೆ ಬಂದ ಕಡೆ ಹೋಗುತ್ತದೆ, ಗಟ್ಟಿ ಗುರಿಗೆ ತಾಗಿ ಹಿಂದಕ್ಕೂ ಚಿಮ್ಮಬಹುದು. ಏರ್ ರೈಫಲಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಹುಡುಗಿಯೊಬ್ಬಳು ಸರಿಯಾಗಿ ಗುರಿಯಿಟ್ಟು, ಪೆಲ್ಲೆಟ್‌ನ ತಪ್ಪಿನಿಂದ ಏಳಕ್ಕೆ ಹೊಡೆದರೆ, ಅವಳು ತನ್ನ ಸರಿಯಾದ ನಿಲುವನ್ನೇ ತಿದ್ದಿಕೊಳ್ಳಲು ಹೊರಡುತ್ತಾಳೆ. ಉಳಿಸಿದ ಹತ್ತು ರೂಪಾಯಿಗೆ ಇದು ದುಬಾರಿ.

ಕರಗಿಸುವ ಯೋಚನೆಯನ್ನಂತೂ ಕೈಬಿಡಿ. ಸೀಸ 327 ಡಿಗ್ರಿಗೇ ಕರಗುವುದರಿಂದ ಅಡುಗೆ ಒಲೆಯ ಮೇಲೂ ಆಗುವ ಕೆಲಸವೆಂದು ತೋರುತ್ತದೆ, ಅಪಾಯವಿರುವುದು ಆ ಸುಲಭದಲ್ಲೇ. ಅದರ ಹೊಗೆ ಮತ್ತು ದೂಳು ಮೈಗೆ ಸೇರಿದರೆ ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ, ಆ ಹಾನಿ ಹಿಂದಿರುಗುವುದಿಲ್ಲ. ಬಿದ್ದ ಪೆಲ್ಲೆಟ್‌ಗಳನ್ನು ನೀವೇ, ಕೈಗವಸು ಹಾಕಿಕೊಂಡು, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಡಿ. ಡಬ್ಬಿ ತುಂಬಿದಾಗ ಸೀಸ ಕೊಳ್ಳುವ ಅಧಿಕೃತ ಗುಜರಿಯವರಿಗೆ ಕೊಡಿ. ಜಾಗವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿಸಿ, ಅಭ್ಯಾಸ ಮುಗಿಸಿದ ಮಕ್ಕಳು ಬಿಸಿಯೂಟಕ್ಕೆ ಕೂರುವ ಮುಂಚೆ ಸಾಬೂನಿನಿಂದ ಕೈ ತೊಳೆಯಲಿ. ಡಬ್ಬಿ ಬರುವವರೆಗೆ, ಗೋಡೆಯ ಮೇಲೆ ಚುಕ್ಕೆ ಅಂಟಿಸಿ, ಪೆಲ್ಲೆಟ್ ಇಲ್ಲದೆ ಹಿಡಿತ ಮತ್ತು ಉಸಿರಾಟದ ಅಭ್ಯಾಸ ಮಾಡಿಸಿ. ಸ್ಪ್ರಿಂಗ್ ಇರುವ ಏರ್‌ಗನ್ನನ್ನು ಮಾತ್ರ ಖಾಲಿ ಹೊಡೆಸಬೇಡಿ. ಪೆಲ್ಲೆಟ್‌ನ ತಡೆಯಿಲ್ಲದೆ ಒಳಗಿನ ಪಿಸ್ಟನ್ ಬಡಿದು ಹಾಳಾಗುತ್ತದೆ. ಅಂಥ ಬಂದೂಕಿನಲ್ಲಿ ಹಿಡಿದು ನಿಲ್ಲುವುದನ್ನಷ್ಟೇ ಕಲಿಸಿ.

ಪ್ರಶ್ನೆ: ನಾನು ಬೀದರಿನವನು, ನೌಕರಿಯ ಬಿಡುವಿನಲ್ಲಿ ಬಿದ್ರಿ ಕೆಲಸ ಕಲಿಯುತ್ತಿದ್ದೇನೆ. ಲೋಹದ ಬೆಲೆ ಏರಿದೆ. ಗುಜರಿಯಲ್ಲಿ ಒಬ್ಬರು ಹಾರಿಸಿದ ಹಿತ್ತಾಳೆ ಕೋಶಗಳನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತೇನೆ ಎನ್ನುತ್ತಿದ್ದಾರೆ. ತಾಮ್ರಕ್ಕೆ ಬದಲಾಗಿ ಅದನ್ನೇ ಕರಗಿಸಿ ಎರಕಕ್ಕೆ ಬಳಸಬಹುದೇ?

ಉತ್ತರ: ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು, ಏಕೆಂದರೆ ಲೆಕ್ಕದ ಮಟ್ಟಿಗೆ ಅದು ಜಾಣ ಪ್ರಶ್ನೆ. ಬಿದ್ರಿಯ ಎರಕದಲ್ಲಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಕಾಡತೂಸಿನ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಶೇಕಡಾ 70 ತಾಮ್ರ, ಶೇಕಡಾ 30 ಸತು. ಬಿದ್ರಿಗೆ ಬೇಕಾದ ಎರಡೂ ಲೋಹ ಅದರಲ್ಲಿವೆ, ಸುಮಾರು 1.43 ಕಿಲೋ ಹಿತ್ತಾಳೆ ಒಂದು ಕಿಲೋ ತಾಮ್ರಕ್ಕೆ ಸಮ, ಉಳಿದ ಸತುವನ್ನು ಅಷ್ಟು ಕಡಿಮೆ ಹಾಕಿದರಾಯಿತು.

ಕಾಗದದ ಮೇಲಿನ ಈ ಲೆಕ್ಕ ಮೂಸೆಯಲ್ಲಿ ಕೆಡುತ್ತದೆ. ಕಿಲೋಗಟ್ಟಲೆ ಕೋಶಗಳಲ್ಲಿ ಹಾರದೇ ಉಳಿದ ಒಂದೇ ಒಂದು ಪ್ರೈಮರ್ ಇದ್ದರೆ ಸಾಕು, ಅದು ಕುಲುಮೆಯಲ್ಲಿ ಸಿಡಿದು ಕರಗಿದ ಲೋಹವನ್ನು ನಿಮ್ಮ ಮೈಮೇಲೆ ಎರಚುತ್ತದೆ. ಹಾರಿದ ಪ್ರೈಮರಿನ ಮಸಿಯಲ್ಲಿ ಸೀಸ, ಬೇರಿಯಂ, ಆಂಟಿಮನಿಯ ಅಂಶಗಳಿರುತ್ತವೆ. ಅವು ಹೊಗೆಯಾಗಿ ನಿಮ್ಮ ಎದೆಗೂ, ಕಲ್ಮಶವಾಗಿ ಎರಕಕ್ಕೂ ಸೇರುತ್ತವೆ. ಜೊತೆಗೆ ನೀವು ಸತು ಕರಗಿಸುವುದು 420 ಡಿಗ್ರಿಯ ಸುಮಾರಿಗೆ, ಹಿತ್ತಾಳೆ ಕರಗಲು 900 ದಾಟಬೇಕು, ಸತು 907ಕ್ಕೇ ಆವಿಯಾಗತೊಡಗುತ್ತದೆ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ ಎಂಬುದನ್ನು ನಿಮಗೆ ಕಲಿಸುವ ಉಸ್ತಾದರು ಬಲ್ಲರು, ಅವರನ್ನೇ ಕೇಳಿ.

ಇದೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಆ ಕೋಶಗಳು ಗುಜರಿಗೆ ಎಲ್ಲಿಂದ ಬಂದವು ಎಂಬುದು. ಸೈನ್ಯದ್ದಾಗಲಿ ಪೊಲೀಸರದ್ದಾಗಲಿ ಖಾಲಿ ಕೋಶಗಳು ಎಣಿಸಿ ಹಿಂದಿರುಗಿಸುವ ವಸ್ತುಗಳು. ರಸೀದಿ ತೋರಿಸಲಾಗದವರಿಂದ ಕೊಂಡರೆ ಪ್ರಶ್ನೆ ಕೇಳುವವರು ಲೋಹದ ಶುದ್ಧತೆಯ ಬಗ್ಗೆ ಕೇಳುವುದಿಲ್ಲ. ಹಳೆಯ ತಾಮ್ರದ ತಂತಿ ಪೇಟೆಯಲ್ಲಿ ರಸೀದಿ ಸಮೇತ ಸಿಗುತ್ತದೆ, ಹದಿನೇಳರಲ್ಲಿ ಒಂದೇ ಪಾಲು ಅದಕ್ಕೆ ಬೇಕಾದ್ದರಿಂದ ಉಳಿತಾಯದ ಆಸೆಯೂ ದೊಡ್ಡದೇನಲ್ಲ. ನಿಮ್ಮ ಕೆಲಸಕ್ಕೂ ಮದ್ದಿಗೂ ಹಳೆಯ ನಂಟು ಹೇಗೂ ಇದ್ದೇ ಇದೆ: ಬಿದ್ರಿಯನ್ನು ಕಪ್ಪಾಗಿಸುವ ಬೀದರ್ ಕೋಟೆಯ ಮಣ್ಣು, ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ಪರೀಕ್ಷಿಸುವ ಆ ಮಣ್ಣು, ಪೆಟ್ಲುಪ್ಪಿನ ಅಂಶವುಳ್ಳದ್ದೆಂದೇ ಹೆಸರಾದದ್ದು. ಹಳೆಯ ಕಾಲದ ಕರಿಮದ್ದಿನ ಮುಖ್ಯ ಪದಾರ್ಥವೂ ಪೆಟ್ಲುಪ್ಪೇ. ಕೋಟೆಯ ಬುರುಜಿನ ಮೇಲೆ ತೋಪು, ಬುಡದಲ್ಲಿ ಹೂಜಿಗೆ ಬಣ್ಣ ಕಟ್ಟುವ ಮಣ್ಣು. ಆ ನಂಟು ಅಷ್ಟಕ್ಕೇ ಇರಲಿ.

ಪ್ರಶ್ನೆ: ಸುರಪುರದವಳು ನಾನು. ಅಜ್ಜನವರ ಪೆಟ್ಟಿಗೆಯಲ್ಲಿ ಹಾರಿಸಿದ ನಾಲ್ಕು ಹಿತ್ತಾಳೆ ಕೋಶಗಳು ಸಿಕ್ಕಿವೆ. ಆಯುಧಪೂಜೆಗೆ ಅವನ್ನು ಇಡುವುದು ಮನೆಯ ಪದ್ಧತಿ. ಬಂದೂಕನ್ನು ಎಂದೋ ಒಪ್ಪಿಸಿಯಾಗಿದೆ. ಇಟ್ಟುಕೊಂಡರೆ ತಪ್ಪೇ?

ಉತ್ತರ: ಮತ್ತೆ ಬಳಸುವ ಉದ್ದೇಶವಿಲ್ಲದೆ, ಜೊತೆಗೆ ಸೇರಿಸುವ ಬೇರೆ ಭಾಗಗಳೂ ಯಾರ ಬಳಿಯೂ ಇಲ್ಲದೆ ಇಟ್ಟುಕೊಂಡ ಸಣ್ಣಪುಟ್ಟ ಬಿಡಿಭಾಗಗಳಿಗೆ ಆಯುಧ ಅಧಿನಿಯಮ ಅನ್ವಯಿಸುವುದಿಲ್ಲವೆಂದು ಅದರ 45ನೆಯ ಕಲಮಿನಲ್ಲೇ ಇದೆ. ಆದ್ದರಿಂದ ಬರೀ ಖಾಲಿ ಕೋಶಗಳಾದರೆ ಪೂಜೆಗೆ ಅಡ್ಡಿಯಿಲ್ಲ. ಆದರೆ ನಾಲ್ಕೂ ಖಾಲಿಯೇ ಎಂಬುದನ್ನು ನೋಡಿಕೊಳ್ಳಿ: ಬಾಯಿ ತೆರೆದಿರಬೇಕು, ಒಳಗೆ ಏನೂ ಇರಬಾರದು, ತಳದ ನಡುವೆ ಸೂಜಿ ಬಡಿದ ಗುಳಿ ಕಾಣಬೇಕು. ಗುಳಿ ಇಲ್ಲದ್ದು ಒಂದಾದರೂ ಇದ್ದರೆ ಅದನ್ನು ಉಜ್ಜಬೇಡಿ, ಕುಂಕುಮ ಹಚ್ಚಬೇಡಿ, ದೀಪದ ಹತ್ತಿರ ಇಡಬೇಡಿ. 21ನೆಯ ಕಲಮಿನಂತೆ ಹತ್ತಿರದ ಠಾಣೆಗೆ ತಿಳಿಸಿ ಒಪ್ಪಿಸಿ. ಪ್ರಯಾಣದ ಚೀಲದಲ್ಲಿ ಮಾತ್ರ ಅವು ಎಂದೂ ಸೇರದಂತೆ ನೋಡಿಕೊಳ್ಳಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಜ್ಜನ ನೆನಪನ್ನು ವಿವರಿಸುವಷ್ಟರಲ್ಲಿ ವಿಮಾನ ಹೋಗಿರುತ್ತದೆ.